ಕಲ್ಲಿಗಿಂತ ಮೆತ್ತಗಿರಲಿ ಗಾರೆ

ಊರ ದೇವಸ್ಥಾನಕ್ಕೆ ಜೀರ್ಣೋದ್ಧಾರ ಸಮಿತಿ ಆಯಿತೆಂದರೆ ಹಳೆಯ ಗೋಡೆಗೆ ಕಷ್ಟಕಾಲ ಶುರುವಾಯಿತೆಂದೇ ಲೆಕ್ಕ. ಮೊದಲು ಬಂದಿಳಿಯುವುದು ಸಿಮೆಂಟಿನ ಚೀಲ. ಅದರ ಬೆನ್ನಿಗೇ ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಅಂಗಳಕ್ಕೆ ಕಾಂಕ್ರೀಟ್. ವರ್ಷದೊಳಗೆ ಗುಡಿ ಮದುವೆ ಮಂಟಪದ ಹಾಗೆ ಮಿನುಗತೊಡಗುತ್ತದೆ. ಎಂಟು ಹತ್ತು ಮಳೆಗಾಲ ಕಳೆಯುವ ಹೊತ್ತಿಗೆ ಗಿಲಾಯಿ ಹೊಟ್ಟೆ ಉಬ್ಬಿ ಹಪ್ಪಳದಂತೆ ಎದ್ದು ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಹಿಂದಿನ ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ದುಡ್ಡು ಕೊಟ್ಟವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಗೋಡೆಗೆ ಬೇಕಿದ್ದ ಮದ್ದೇ ಬೇರೆ ಇತ್ತು.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಜೋಯಿಡಾ ತಾಲ್ಲೂಕಿನ ಘಟ್ಟದ ಅಂಚಿಗಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಪೂರ್ವಕ್ಕೆ ಸರಿದು ಹಳಿಯಾಳ ಮುಟ್ಟುವಷ್ಟರಲ್ಲಿ ಅದು ಕಾಲುಭಾಗದ ಹತ್ತಿರಕ್ಕೆ ಇಳಿದಿರುತ್ತದೆ. ನಾಲ್ಕು ತಿಂಗಳು ನೀರು ಕುಡಿದು ಎಂಟು ತಿಂಗಳು ಅದನ್ನು ಆವಿಯಾಗಿ ಬಿಡುವುದೇ ಇಲ್ಲಿನ ಗೋಡೆಯ ಬಾಳು. ಘಟ್ಟದ ಕಡೆ ಕಟ್ಟಡಕ್ಕೆ ಒದಗುವುದು ಚಿರೆಕಲ್ಲು. ಕಣಿಯಿಂದ ಎತ್ತುವಾಗ ಕೊಡಲಿಗೂ ಬಗ್ಗುವಷ್ಟು ಮೆದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ, ಮೈತುಂಬ ತೂತು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ವೃತ್ತಾಂತದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮವರು ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ, ಅಲ್ಲಿಯೂ ಇಟ್ಟಿಗೆ ಕೂತಿದೆ. ಎರಡು ಭಾಷೆಯವರ ಕಣ್ಣಿಗೂ ಒಂದೇ ವಸ್ತು ಕಂಡಿದೆ.

ಇಂಥ ಕಲ್ಲಿನ ಗೋಡೆಗೆ ಸಿಮೆಂಟ್ ಮೆತ್ತಿದಾಗ ಆಗುವುದಿಷ್ಟು. ನೀರು ಬುಡದಿಂದಲೋ ಮಾಡಿನಿಂದಲೋ ಒಳಗೆ ಸೇರಿಯೇ ಸೇರುತ್ತದೆ. ಹೊರಗೆ ಬರಲು ಅದಕ್ಕೆ ಮೊದಲಿದ್ದ ದಾರಿ ಸಂದುಗಳ ಸುಣ್ಣದ ಗಾರೆ. ಆ ದಾರಿಯನ್ನು ಸಿಮೆಂಟ್ ಮುಚ್ಚಿತು. ನೀರು ಈಗ ಕಲ್ಲಿನ ಮೂಲಕವೇ ಹಾದಿ ಹುಡುಕುತ್ತದೆ, ಆರುವಾಗ ತನ್ನೊಳಗಿನ ಲವಣವನ್ನು ಅಲ್ಲೇ ಹರಳಾಗಿ ಬಿಡುತ್ತದೆ. ಹರಳು ಬೆಳೆದಂತೆ ಕಲ್ಲು ಪುಡಿಯಾಗುತ್ತದೆ. ಗೋಡೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗಲೂ ಇದೇ ಪಾಡು. ಸಂದಿನಲ್ಲಿರುವುದು ಕಲ್ಲಿಗಿಂತ ಮೆತ್ತಗಿದ್ದರೆ ಅದು ಬಿರಿಯುತ್ತದೆ, ಮತ್ತೆ ತುಂಬಬಹುದು. ಕಲ್ಲಿಗಿಂತ ಗಟ್ಟಿಯಾಗಿದ್ದರೆ ಬಿರಿಯುವುದು ಕಲ್ಲು. ಗಾರೆ ಸಾಯಬೇಕು, ಕಲ್ಲು ಉಳಿಯಬೇಕು. ಹಳೆಯ ಕಟ್ಟಡ ಕಾಯುವವರ ಕಸುಬಿನಲ್ಲಿ ಉಳಿದದ್ದೆಲ್ಲ ಇದರ ಬಾಲ.

ಆ ಗಾರೆ ಆಗುವ ಬಗೆಯೇ ಒಂದು ಅಡುಗೆ. ಕರಾವಳಿಯಲ್ಲಿ ಅಘನಾಶಿನಿಯಂಥ ಅಳಿವೆಗಳ ಚಿಪ್ಪು, ಬಯಲುಸೀಮೆಯಲ್ಲಿ ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು. ಯಾವುದಾದರೂ ಸರಿ, ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿಗೆ ಸುಟ್ಟರೆ ಹರಳು ಸುಣ್ಣ. ಅದಕ್ಕೆ ನೀರು ಬಿಟ್ಟಾಗ ಕೊತಕೊತ ಕುದಿದು ಅರಳುತ್ತದೆ. ಅರಳಿದ್ದನ್ನು ಸೋಸಿ, ಗುಂಡಿಯಲ್ಲಿ ನೀರಿನಡಿ ವಾರಗಟ್ಟಲೆ, ಪುರಸೊತ್ತಿದ್ದರೆ ತಿಂಗಳುಗಟ್ಟಲೆ ಕೊಳೆಹಾಕಬೇಕು. ಹಳತಾದಷ್ಟೂ ಅದು ಬೆಣ್ಣೆ. ಆಮೇಲೆ ಮರಳು, ಹದಕ್ಕೆ ತಕ್ಕಷ್ಟು ಇಟ್ಟಿಗೆಯ ಪುಡಿ ಸೇರಿಸಿ ಗಾಣಕ್ಕೆ ಹಾಕುವುದು. ಎಣ್ಣೆಯ ಗಾಣವಲ್ಲ. ವೃತ್ತಾಕಾರದ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯಲು ಎತ್ತು. ಈಗ ಮೋಟಾರು ಬಂದಿದೆ. ಗಾಲಿ ಉರುಳುವಾಗ ಹೊಯ್ಯುವ ನೀರೂ ಬರಿಯ ನೀರಲ್ಲ, ಅಳಲೆಕಾಯಿ ಜಜ್ಜಿ ಬೆಲ್ಲ ಸೇರಿಸಿ ದಿನಗಟ್ಟಲೆ ನೆನೆಸಿಟ್ಟ ಕಷಾಯ.

ಈ ಪಟ್ಟಿಯನ್ನು ಹಿಡಿದು ನಮ್ಮ ನಾಲ್ಕು ತಾಲ್ಲೂಕು ಸುತ್ತಿದರೆ ಅರ್ಧ ಸಾಮಾನು ಮನೆಬಾಗಿಲಲ್ಲೇ ಸಿಗುತ್ತದೆ. ಅಳಲೆಕಾಯಿ ಎಂಬ ಹಿರ್ಡಾ ದಾಂಡೇಲಿ ಕಾಡಿನದೇ ಹುಟ್ಟುವಳಿ, ಬ್ರಿಟಿಷರ ಕಾಲದಿಂದ ಅರಣ್ಯ ಇಲಾಖೆಯ ಲೆಕ್ಕದಲ್ಲಿರುವಂಥದ್ದು. ಹಳಿಯಾಳದ್ದು ಸಕ್ಕರೆ ಕಾರ್ಖಾನೆಯೇ ಬಂದು ಕೂತಷ್ಟು ಕಬ್ಬಿನ ಸೀಮೆ, ಬೆಲ್ಲಕ್ಕೆ ಬರವಿಲ್ಲ. ಹಳ್ಳದ ಮರಳಿನ ಕತೆ ಈಗ ಹೇಳದಿರುವುದೇ ಲೇಸು.

ಸುಣ್ಣದ ಗಾರೆಗೆ ಅವಸರ ಆಗದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಸುಡುವ ಮೊದಲು ಏನಾಗಿತ್ತೋ ಅದೇ ಸುಣ್ಣದ ಕಲ್ಲಾಗಿ ಅದು ಮರಳುತ್ತದೆ. ಅದಕ್ಕೆ ತಿಂಗಳುಗಳು, ದಪ್ಪ ಗೋಡೆಯಲ್ಲಿ ವರ್ಷಗಳೇ ಹಿಡಿಯುತ್ತವೆ. ಕೂದಲೆಳೆಯ ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಒಂದಿಷ್ಟು ಸುಣ್ಣ ಕರಗಿ ಆ ಬಿರುಕಿಗೇ ಇಳಿದು ಗಟ್ಟಿಯಾಗುವುದೂ ಉಂಟು. ತನ್ನ ಗಾಯಕ್ಕೆ ತಾನೇ ಮದ್ದು ಹಚ್ಚಿಕೊಳ್ಳುವ ಈ ಗುಣ ಸಿಮೆಂಟಿಗೆ ಅಷ್ಟಾಗಿ ಇಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಕಲಸಿದ ದಿನವೇ ಬಿಗಿಯುವ ವಸ್ತು ಸಿಕ್ಕ ಮೇಲೆ ವಾರಗಟ್ಟಲೆ ಕಾಯುವ ಗೌಂಡಿಗೆ ಕೂಲಿ ಕೊಡುವವರು ಯಾರು? ಕಸುಬು ಕುಸಿದದ್ದು ಅಲ್ಲಿ.

ಗಾರೆಯೇ ಇಲ್ಲದ ಕಟ್ಟಡಗಳದು ಇನ್ನೊಂದು ಬಗೆ. ಅನಮೋಡ ಘಟ್ಟ ಇಳಿದರೆ ಗೋವೆಯ ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವ ದೇಗುಲವಿದೆ. ಕಪ್ಪುಕಲ್ಲಿನ ತುಂಡುಗಳನ್ನು ಒಂದಕ್ಕೊಂದು ಕೂರಿಸಿಯೇ ನಿಲ್ಲಿಸಿದ್ದು. ಹಳಿಯಾಳದ ನೆರೆಯ ಖಾನಾಪುರ ತಾಲ್ಲೂಕಿನ ಹಲಸಿಗೆ ಹೋದರೆ ಗೋವೆಯ ಕದಂಬರದೇ ಭೂವರಾಹ ನರಸಿಂಹ ದೇವಾಲಯ, ಎರಡು ಗರ್ಭಗುಡಿಗಳು ಮುಖಾಮುಖಿ. ಅವರದೇ ರಾಣಿ ಕಮಲಾದೇವಿ ಕಿತ್ತೂರಿನ ಕಡೆಯ ದೇಗಾಂವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಶಿಲ್ಪಿ ತಿಪ್ಪೋಜನ ಹೆಸರು ಎಂಟುನೂರು ವರ್ಷ ದಾಟಿ ನಮಗೆ ತಲುಪಿದೆ. ಇಂಥಲ್ಲಿ ಕಲ್ಲು ಜರುಗಿದರೆ ಕಬ್ಬಿಣದ ಪಟ್ಟಿ ಬಿಗಿದು ಕೈತೊಳೆದುಕೊಳ್ಳುವ ಆಸೆ ಬರುತ್ತದೆ. ಅಥೆನ್ಸಿನ ಪಾರ್ಥೆನಾನ್‌ನಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಕಳೆದ ಶತಮಾನದ ಆದಿಯಲ್ಲಿ ನಿಕೊಲಾವೊಸ್ ಬಲಾನೊಸ್ ಎಂಬ ಎಂಜಿನಿಯರು ಹಾಕಿಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿದವು. ಈಗ ಅವನ್ನೆಲ್ಲ ಕಿತ್ತು ಟೈಟಾನಿಯಂ ಹಾಕುತ್ತಿದ್ದಾರೆ. ಮೂಲ ಗ್ರೀಕರು ತಮ್ಮ ಕಬ್ಬಿಣಕ್ಕೆ ಸೀಸ ಹೊಯ್ದು ಮುಚ್ಚಿದ್ದರು.

ಕಲ್ಲು ಬಿಚ್ಚಿ ಮತ್ತೆ ಕಟ್ಟುವುದು ಕೊನೆಯ ಉಪಾಯ. ನಕ್ಷೆ, ಫೋಟೊ, ಕಲ್ಲುಕಲ್ಲಿಗೂ ಅಂಕಿ. ಅಂಕಿ ತಪ್ಪಿದರೆ ದೇಗುಲ ಹೋಗಿ ರಾಶಿ ಉಳಿಯುತ್ತದೆ. ಗೋವೆಯ ಸಾಂಗೆ ತಾಲ್ಲೂಕಿನ ಕುರ್ಡಿ ಗ್ರಾಮ ಸೆಲಾವಲಿ ಅಣೆಕಟ್ಟಿನಲ್ಲಿ ಮುಳುಗುವಾಗ ಅಲ್ಲಿನ ಮಹಾದೇವ ಗುಡಿಯನ್ನು ಹೀಗೆ ಬಿಚ್ಚಿ ಬೇರೆಡೆ ಎಬ್ಬಿಸಿದರು. ಅದೇ ಕಾಲಕ್ಕೆ ಘಟ್ಟದ ಈಚೆ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಏಳುತ್ತಿತ್ತು. 1987ರಲ್ಲಿ ಅದು ಮುಗಿಯುವ ಹೊತ್ತಿಗೆ ಸೂಪಾ ಪೇಟೆ ನೀರಿನಡಿ ಸೇರಿ, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂದಿತ್ತು, ಜನ ರಾಮನಗರದಂಥ ಕಡೆ ನೆಲೆ ಹುಡುಕಿದ್ದರು. ಊರು ಬಿಟ್ಟವರ ಪಾಲಿಗೆ ಗುಡಿಯೊಂದೇ ನಷ್ಟವಲ್ಲ ನಿಜ. ಆದರೂ ಕುರ್ಡಿಯ ಕಲ್ಲಿಗೆ ಬಿದ್ದ ಅಂಕಿಗಳನ್ನು ನೆನೆದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರಿಗೆ ಊರು ಬಿಟ್ಟು ಬರುವುದರ ಇನ್ನೊಂದು ಮುಖ ಕಾಣುತ್ತದೆ. ಗಂದೆನ್ ವಿಹಾರ ಹುಟ್ಟಿದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ, ಎರಡೂ ಲಾಸಾದ ಹತ್ತಿರ. ಅದೇ ಹೆಸರು ಹೊತ್ತು ಇಲ್ಲಿರುವ ಕಟ್ಟಡಗಳು 1960ರ ದಶಕದ ಈಚಿನವು, ಕಾಂಕ್ರೀಟಿನವು. ಅವರು ಕಲ್ಲು ಬಿಟ್ಟು ಪಾಠ ಹೊತ್ತು ತಂದರು. ನಮ್ಮಲ್ಲಿ ಕಲ್ಲು ಇದೆ, ಗಾರೆಯ ಪಾಠ ಮಾತ್ರ ಕೈತಪ್ಪುತ್ತಿದೆ.

ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆಗಳ ನೆರಳಿಗೆ ಬಂದ ಸ್ಮಾರಕಗಳಿಗೆ ಹೇಗೋ ಕಾವಲಿದೆ. ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡವಿಲ್ಲ, ಆಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಪಟ್ಟಿಯಲ್ಲಿಲ್ಲದ ಊರಗುಡಿ, ಕೋಟೆಯ ತುಂಡು, ವಾಡೆಗಳ ಗತಿಯೇ ಚಿಂತೆ. ಈ ಕೊರತೆ ತುಂಬಲು ಕರ್ನಾಟಕದಲ್ಲಿ ನಡೆದ ದೊಡ್ಡ ಪ್ರಯತ್ನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1991ರಲ್ಲಿ ಆರಂಭಿಸಿದ ಈ ಸಂಸ್ಥೆ ಇನ್ನೂರಕ್ಕೂ ಹೆಚ್ಚು ದೇಗುಲಗಳನ್ನು ಎತ್ತಿ ನಿಲ್ಲಿಸಿದೆ. ಖರ್ಚಿನಲ್ಲಿ ಸರ್ಕಾರದ್ದು ಶೇ 40, ಟ್ರಸ್ಟಿನದು ಶೇ 40, ಊರವರದು ಶೇ 20. ನನಗೆ ಹಿಡಿಸಿದ್ದು ಆ ಕೊನೆಯ ಇಪ್ಪತ್ತು. ದುಡ್ಡು ಹಾಕಿದ ಊರು ಕೆಲಸ ಹೇಗೆ ನಡೆಯುತ್ತಿದೆ ಎಂದು ಬಂದು ನೋಡುತ್ತದೆ, ಮುಗಿದ ಮೇಲೆ ಮಾಡಿನ ಮೇಲೆ ಆಲದ ಸಸಿ ಚಿಗುರಿದರೆ ಕೀಳುತ್ತದೆ.

ಆ ಸಸಿಯ ವಿಷಯವನ್ನು ಹಗುರಾಗಿ ಎಣಿಸಬೇಡಿ. ಹಳೆಯ ಗೋಡೆಯನ್ನು ಸೀಳುವುದರಲ್ಲಿ ಆಲ, ಅರಳಿಯ ಬೇರಿಗೆ ಸಮನಿಲ್ಲ. ಮಳೆಗೆ ಮುಂಚೆ ಮಾಡು ಗುಡಿಸಿ ನೀರು ಹೋಗುವ ದೋಣಿ ಬಿಡಿಸಿಟ್ಟರೆ ಜೀರ್ಣೋದ್ಧಾರವನ್ನು ಇಪ್ಪತ್ತು ವರ್ಷ ಮುಂದೂಡಬಹುದು.

ನಿಮ್ಮೂರಲ್ಲೂ ಸಮಿತಿ ಕೂತಿದ್ದರೆ ಒಂದು ಕೋರಿಕೆ. ಮೊದಲ ಚೀಲ ಸಿಮೆಂಟ್ ಇಳಿಸುವ ಮುಂಚೆ ಗೋಡೆಯ ನಾಲ್ಕೂ ಮಗ್ಗುಲಿನ ಫೋಟೊ ತೆಗೆದು, ಅಳತೆ ಬರೆದಿಟ್ಟು, ಧಾರವಾಡದ ಪುರಾತತ್ವ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಹಳಿಯಾಳದಿಂದ ಬಸ್ಸಿದೆ. ಸುಣ್ಣದ ಕೆಲಸಕ್ಕೆ ಹದ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಬಳಿದದ್ದರ ಮೇಲೆ ಒದ್ದೆ ಗೋಣಿ ಹೊದಿಸಿ ದಿನವೂ ನೀರು ಚಿಮುಕಿಸುತ್ತಿರಬೇಕು. ಗುಂಡಿ ತೋಡಿ ಸುಣ್ಣ ಕೊಳೆಹಾಕುವುದನ್ನು ಶ್ರಾವಣದಲ್ಲೇ ಶುರುಮಾಡಿ.