ಕರೆಯೋ, ಬರಿಯ ಆಸೆಯೋ?

ಪದವಿ ಮುಗಿಸಿದ ಸಹಪಾಠಿಯೊಬ್ಬ ಕೆಲಸಕ್ಕೆ ಅರ್ಜಿ ಹಾಕದೆ "ಪಾದ್ರಿಯಾಗಬೇಕೆಂದಿದ್ದೇನೆ" ಎಂದರೆ ನಿಮಗೆ ಅಚ್ಚರಿಯಾದೀತು. ಕ್ಯಾಥೊಲಿಕ್ ಕ್ರೈಸ್ತರು ಇದನ್ನು 'ದೈವಕರೆ' ಎನ್ನುತ್ತಾರೆ. ಹಾಗೆಂದರೆ ನಡುರಾತ್ರಿ ಕೇಳಿಬರುವ ಅಶರೀರವಾಣಿ ಎಂದು ತಿಳಿಯಬೇಡಿ. ಬಹುಮಟ್ಟಿಗೆ ಅದು ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ಬರುವ ಒಂದು ಯೋಚನೆ. ಅದು ದೇವರದೋ, ತನ್ನದೇ ಆಸೆಯೋ, ಮನೆಯವರ ಒತ್ತಾಯವೋ ಎಂದು ಬಿಡಿಸಿ ನೋಡುವುದೇ ಕಷ್ಟದ ಕೆಲಸ.

ಇದಕ್ಕೊಂದು ಹಳೆಯ ದಾರಿಯುಂಟು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಇಗ್ನೇಷಿಯಸ್ ಲೊಯೋಲಾ ಎಂಬ ಯೋಧರ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಹಾಸಿಗೆ ಹಿಡಿದ ಅವರು ಹೊತ್ತು ಕಳೆಯಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಜೀವನಗಳು. ಶೌರ್ಯ, ಪ್ರಣಯಗಳ ಕನಸು ಕಾಣುವಾಗ ಅವರಿಗೆ ಬಹಳ ಖುಷಿ, ಮುಗಿದ ಮೇಲೆ ಮನಸ್ಸು ಬರಿದು. ಸಂತರಂತೆ ಬಾಳುವ ಯೋಚನೆಯಾದರೋ ಮುಗಿದ ಬಳಿಕವೂ ನೆಮ್ಮದಿಯನ್ನು ಉಳಿಸುತ್ತಿತ್ತು. ಮುಂದೆ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸರ ಧ್ಯಾನಕ್ರಮಕ್ಕೆ ಬೀಜವಾದದ್ದು ಈ ವ್ಯತ್ಯಾಸವೇ. ಯೋಚನೆ ಬಂದಾಗಿನ ಉತ್ಸಾಹಕ್ಕಿಂತ ಅದು ಹೋದ ಮೇಲೆ ಉಳಿಯುವುದೇನು ಎಂಬುದನ್ನು ಗಮನಿಸಬೇಕು. ಇದನ್ನು ಒಬ್ಬರೇ ಮಾಡುವುದು ಕಷ್ಟ. ಅದಕ್ಕಾಗಿಯೇ ಅನುಭವಿಗಳಾದ ಆಧ್ಯಾತ್ಮಿಕ ಮಾರ್ಗದರ್ಶಕರೊಬ್ಬರು ಜೊತೆಗಿರುತ್ತಾರೆ.

ಗುರುಮಠ ಸೇರಿದೊಡನೆ ನಿರ್ಧಾರ ಮುಗಿಯಿತೆಂದಲ್ಲ. ಮಂಗಳೂರಿನ ಜೆಪ್ಪು, ಬೆಂಗಳೂರಿನ ಮಲ್ಲೇಶ್ವರ ಮುಂತಾದೆಡೆ ಇಂಥ ಗುರುಮಠಗಳಿವೆ. ಧರ್ಮಸಭೆಯ ನಿಯಮದಂತೆ ತತ್ತ್ವಶಾಸ್ತ್ರಕ್ಕೆ 2 ವರ್ಷ, ದೇವಶಾಸ್ತ್ರಕ್ಕೆ 4 ವರ್ಷ ಬೇಕು. ಸಾಮಾನ್ಯವಾಗಿ 25 ತುಂಬದೆ ಗುರುದೀಕ್ಷೆಯಿಲ್ಲ. ಓದಿನ ಜೊತೆಗೆ ಈ ವರ್ಷಗಳು ಪರೀಕ್ಷೆಯ ಕಾಲವೂ ಹೌದು. ಲ್ಯಾಟಿನ್ ಸಂಪ್ರದಾಯದಲ್ಲಿ ಗುರುಗಳಿಗೆ ಬ್ರಹ್ಮಚರ್ಯದ ಕಟ್ಟುಪಾಡು ಇರುವುದರಿಂದ, ಸಂಸಾರದ ಹೊಣೆಗೆ ಹೆದರಿ ಬಂದವನಿಗೆ ಇದು ಆಶ್ರಯವಾಗಲಾರದು.

ಇನ್ನು ಸ್ವಾತಂತ್ರ್ಯದ ಮಾತು. ದೀಕ್ಷೆಗೆ ಯಾರನ್ನೂ ಬಲವಂತಪಡಿಸಬಾರದು, ಅರ್ಹನಾದವನನ್ನು ತಡೆಯಲೂ ಬಾರದು ಎಂದು 1983ರ ಧರ್ಮಸಭಾ ಕಾನೂನು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮಗ ಪಾದ್ರಿಯಾಗಲೆಂದು ಹರಕೆ ಹೊತ್ತ ತಾಯಿಯ ಮುಂದೆ ಈ ಕಾನೂನು ಎಷ್ಟರಮಟ್ಟಿಗೆ ನೆನಪಾದೀತು! ನಡುವೆ ಹೊರಬಂದ ಹುಡುಗನನ್ನು ಊರಿನವರು ಸೋತವನಂತೆ ನೋಡುವುದುಂಟು. ಇದು ಅನ್ಯಾಯ. ತನ್ನ ದಾರಿ ಇದಲ್ಲವೆಂದು ದೀಕ್ಷೆಗೆ ಮೊದಲೇ ಅರಿತವನಿಂದ ಗುರುಮಠ ತನ್ನ ಕೆಲಸವನ್ನು ಮಾಡಿಸಿದೆ ಎಂದೇ ಹೇಳಬೇಕು.

ಕೊನೆಯವರೆಗೆ ಉಳಿದವನಿಗೂ ತನ್ನ ನಿಶ್ಚಯವೊಂದೇ ಸಾಲದು. ದೀಕ್ಷೆಯ ದಿನ, ತುಂಬಿದ ಸಭೆಯ ಎದುರು, ಅಭ್ಯರ್ಥಿ ಯೋಗ್ಯನೇ ಎಂದು ಬಿಷಪರು ಕೇಳುತ್ತಾರೆ. ಜನರನ್ನೂ ತರಬೇತಿ ಕೊಟ್ಟವರನ್ನೂ ವಿಚಾರಿಸಲಾಗಿದೆ, ಯೋಗ್ಯನೆಂದು ಕಂಡಿದೆ ಎಂಬ ಉತ್ತರ ಬಂದ ಮೇಲೆಯೇ ಮುಂದಿನ ವಿಧಿ.