‘ನರ ಸಿಗುತ್ತಿಲ್ಲ’ ಎಂದಾಗ ಕೈ ಎಲ್ಲಿದೆ ನೋಡಿ

ವಾಂತಿ-ಭೇದಿಯಿಂದ ಬಳಲಿ ಬಂದ ವೃದ್ಧೆಗೆ ತಕ್ಷಣ ಸಲೈನ್ ಏರಿಸಬೇಕಿದೆ. ದಾದಿ ಎರಡು ಬಾರಿ ಸೂಜಿ ಚುಚ್ಚಿದರೂ ‘ನರ ಸಿಗುತ್ತಿಲ್ಲ’. ಮಂಚದ ಸುತ್ತ ನಿಂತ ಬಂಧುಗಳಲ್ಲಿ ಗೊಣಗಾಟ ಆರಂಭವಾಗುತ್ತದೆ. ತುರ್ತು ಚಿಕಿತ್ಸಾ ಘಟಕಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ. ದಾದಿಗೆ ಅನುಭವ ಸಾಲದೆಂದು ತೀರ್ಮಾನಿಸುವ ಮುನ್ನ, ರೋಗಿಯ ಕೈಯನ್ನು ಎಲ್ಲಿ ಇರಿಸಲಾಗಿದೆ ಎಂಬುದನ್ನೂ ಗಮನಿಸಬೇಕಾಗುತ್ತದೆ.

ಆಡುಮಾತಿನಲ್ಲಿ ನಾವು ‘ನರ’ ಎನ್ನುವುದು ಇಲ್ಲಿ ವಾಸ್ತವವಾಗಿ ಅಭಿಧಮನಿ. ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಇದರ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ದೇಹದ ನೀರಿನಂಶ ಬತ್ತಿದಾಗ ಅಥವಾ ರಕ್ತಸ್ರಾವವಾದಾಗ ಅದು ಬರಿದಾದ ಚೀಲದಂತೆ ಚಪ್ಪಟೆಯಾಗುತ್ತದೆ. ಚಳಿಗೆ ಇನ್ನಷ್ಟು ಕುಗ್ಗುತ್ತದೆ. ಆದರೆ ಕೈಯನ್ನು ಹೃದಯದ ಮಟ್ಟಕ್ಕಿಂತ ಕೆಳಗೆ ಇಳಿಬಿಟ್ಟರೆ ಗುರುತ್ವಾಕರ್ಷಣೆಯಿಂದ ರಕ್ತ ಅಲ್ಲಿ ಸಂಗ್ರಹವಾಗಿ ನಾಳ ಉಬ್ಬುತ್ತದೆ. ಸಂದೇಹವಿದ್ದವರು ತಮ್ಮ ಕೈಯನ್ನೇ ಒಂದು ನಿಮಿಷ ಇಳಿಬಿಟ್ಟು, ಬಳಿಕ ತಲೆಯ ಮೇಲಕ್ಕೆತ್ತಿ ನೋಡಬಹುದು. ಹಸ್ತದ ಹಿಂಬದಿಯ ಉಬ್ಬುಗೆರೆಗಳು ನೋಡನೋಡುತ್ತಲೇ ಇಳಿದುಹೋಗುತ್ತವೆ. ಆರಾಮವಾಗಲೆಂದು ಬಂಧುಗಳು ದಿಂಬಿನ ಮೇಲೆ ಎತ್ತಿಟ್ಟ ಕೈಯಲ್ಲಿ ಆಗುವುದೂ ಇದೇ.

ತೋಳಿಗೆ ಕಟ್ಟುವ ಪಟ್ಟಿಯ ವಿಚಾರದಲ್ಲೂ ಎಚ್ಚರ ಅಗತ್ಯ. ಅತಿಯಾಗಿ ಬಿಗಿದರೆ ಕೈಗೆ ಬರುವ ರಕ್ತವೇ ನಿಂತು, ನಾಳ ತುಂಬುವುದಿಲ್ಲ. ಪಟ್ಟಿ ಕಟ್ಟಿದ ಮೇಲೂ ಮಣಿಕಟ್ಟಿನಲ್ಲಿ ನಾಡಿಬಡಿತ ತಿಳಿಯುತ್ತಿರಬೇಕು. ಚರ್ಮವನ್ನು ರಪರಪನೆ ಬಡಿಯುವುದಕ್ಕಿಂತ ಬೆಚ್ಚನೆಯ ಬಟ್ಟೆ ಸುತ್ತುವುದು ಲೇಸು.

ಕೈಯಲ್ಲಿ ನಾಳ ದೊರೆಯದೆ ಕುತ್ತಿಗೆಯ ದೊಡ್ಡ ಅಭಿಧಮನಿಯನ್ನು ಆಶ್ರಯಿಸುವಾಗ ಇಡೀ ದೇಹದ ಭಂಗಿಯನ್ನೇ ಬದಲಿಸಲಾಗುತ್ತದೆ. ತಲೆಯ ಭಾಗ ಸುಮಾರು 10ರಿಂದ 15 ಡಿಗ್ರಿಯಷ್ಟು ಕೆಳಗಾಗುವಂತೆ ಮಂಚವನ್ನು ವಾಲಿಸುತ್ತಾರೆ. 19ನೇ ಶತಮಾನದ ಜರ್ಮನ್ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ಅವರ ಹೆಸರು ಹೊತ್ತ ಈ ಭಂಗಿ ಮೊದಲು ಬಳಕೆಗೆ ಬಂದದ್ದು ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಗೆ. ಇದರಿಂದ ಕುತ್ತಿಗೆಯ ನಾಳ ಹಿಗ್ಗುವುದಷ್ಟೇ ಅಲ್ಲ, ಸೂಜಿಯ ಮೂಲಕ ಗಾಳಿ ಒಳಸೇರುವ ಅಪಾಯವೂ ತಗ್ಗುತ್ತದೆ. ಗಾಳಿಯ ಗುಳ್ಳೆ ಹೃದಯ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕತ್ತನ್ನು ಒಂದು ಬದಿಗೆ ಅತಿಯಾಗಿ ತಿರುಗಿಸಿದರೆ ಮಾತ್ರ ಅಭಿಧಮನಿಯು ಪಕ್ಕದ ಅಪಧಮನಿಯ ಮೇಲೆಯೇ ಬಂದು, ಸೂಜಿ ತಪ್ಪು ನಾಳಕ್ಕೆ ಹೋಗುವ ಸಾಧ್ಯತೆ ಹೆಚ್ಚುತ್ತದೆ.

ಈ ಭಂಗಿ ಎಲ್ಲರಿಗೂ ಸಲ್ಲದು. ಹೃದಯ ವೈಫಲ್ಯದಿಂದ ಏದುಸಿರು ಬಿಡುತ್ತಿರುವವರನ್ನು ತಲೆಕೆಳಗಾಗಿ ಮಲಗಿಸಿದರೆ ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ತಲೆಗೆ ಪೆಟ್ಟಾದವರಲ್ಲಿ ಮಿದುಳಿನ ಒತ್ತಡ ಏರುತ್ತದೆ. ಅಂಥವರಿಗೆ ತೊಡೆಸಂದಿನ ನಾಳ ಒಂದು ದಾರಿ. ಅಲ್ಲಿ ನಿಯಮ ತಿರುವುಮುರುವು: ತಲೆಯ ಭಾಗ ಎತ್ತರದಲ್ಲಿದ್ದು, ಕಾಲು ಹೊರಕ್ಕೆ ತಿರುಗಿದ್ದರೆ ಅನುಕೂಲ. ಯಾವುದೂ ಫಲಿಸದಿದ್ದರೆ ಮೊಣಕಾಲಿನ ಕೆಳಗಿನ ಮೂಳೆಯೊಳಕ್ಕೇ ಸೂಜಿ ಇಳಿಸಿ ಔಷಧಿ ಕೊಡಲು ಸಾಧ್ಯವಿದೆ.

ಬಂಧುಗಳು ಮರೆಯದೆ ತಿಳಿಸಬೇಕಾದ ಮಾತೊಂದಿದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿದ ಕೈ ಯಾವುದೆಂಬುದನ್ನು ದಾದಿಗೆ ಮೊದಲೇ ಹೇಳಬೇಕು. ಆ ಕೈಯ ನಾಳ ಎಷ್ಟೇ ಉಬ್ಬಿ ಕಂಡರೂ ಸಲೈನ್‌ಗಾಗಿ ಅಲ್ಲಿ ಸೂಜಿ ಚುಚ್ಚುವಂತಿಲ್ಲ.