ಕೈಲ್‌ಪೊಳ್ದ್‌ಗೆ ಮುನ್ನ ಹಳೆಯ ಕೋವಿ ಒರೆಸುವುದು ಹೇಗೆ?

ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಂತೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಪೂಜೆಗಿಟ್ಟು ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುವ ಮೊದಲು ಮಳೆಗಾಲದ ತುಕ್ಕು ತೆಗೆಯಬೇಕು. ಇಲ್ಲಿ ಹೇಳುವುದು 12 ಬೋರಿನ ಹಳೆಯ ಜೋಡುನಳಿಗೆ ತೋಟಾ ಕೋವಿಯ ವಿಚಾರ.

ಮೊದಲು ತೋಟೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ‘ಹೋದ ವರ್ಷವೇ ತೆಗೆದಿಟ್ಟಿದ್ದೆ’ ಎಂಬ ಮಾತನ್ನು ನಂಬಲೇಬೇಡಿ, ಹೇಳಿದವರು ನೀವೇ ಆದರೂ. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು, ಮೇಲಿನ ಲಿವರನ್ನು ಬಲಕ್ಕೆ ತಳ್ಳಿ ಕೋವಿ ಮಡಚಿ. ತೋಟೆ ಕೂರುವ ಗೂಡಿಗೆ ಚೇಂಬರ್ ಎನ್ನುತ್ತಾರೆ. ಎರಡೂ ಚೇಂಬರನ್ನು ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ.

ಈಗ ಕೋವಿ ಮುಚ್ಚಿ, ನಳಿಗೆಯಡಿಯ ಮರದ ತುಂಡನ್ನು, ಅಂದರೆ ಫೋರ್‌ಎಂಡನ್ನು, ಬಿಡಿಸಿ. ಮತ್ತೆ ಮಡಚಿದರೆ ನಳಿಗೆ ಕಳಚಿ ಕೈಗೆ ಬರುತ್ತದೆ. ಕೋವಿ ಮೂರು ತುಂಡಾಯಿತು. ಒಳಗಿನ ಯಂತ್ರವನ್ನೂ ಬಿಚ್ಚಬೇಡವೇ? ಬೇಡ. ಹಳೆಯ ತಿರುಪುಗಳ ಸೀಳು ತೀರಾ ಕಿರಿದು. ಮನೆಯ ಸ್ಕ್ರೂಡ್ರೈವರ್ ಜಾರಿದರೆ ತಿರುಪಿನ ತಲೆಯೂ ಕೆಡುತ್ತದೆ, ಪಕ್ಕದ ಕೆತ್ತನೆಗೂ ಗೀರು ಬೀಳುತ್ತದೆ. ಕೈಯಿಂದ ಬಿಚ್ಚಲು ಬರುವಷ್ಟೇ ನಿಮ್ಮ ಕೆಲಸ.

ಉಜ್ಜುವ ಸರಳಿಗೆ ಕಂಚಿನ ಬ್ರಷ್ ಸಿಕ್ಕಿಸಿ, ಸಾಲ್ವೆಂಟ್ ಎಂಬ ಮಸಿ ಕರಗಿಸುವ ದ್ರವದಲ್ಲಿ ಅದ್ದಿ, ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ಆಮೇಲೆ ಹಳೆಯ ಪಂಚೆಯ ತುಂಡುಗಳು. ಮೊದಲ ತುಂಡು ಕಪ್ಪಾಗಿ ಬರುತ್ತದೆ. ಬಟ್ಟೆ ಬಿಳಿಯಾಗಿ ಬರುವವರೆಗೆ ಬದಲಾಯಿಸುತ್ತಿರಿ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಳಗೆ ಬೂದು ಗೆರೆ ಕಂಡರೆ ಅದು ಸೀಸ. ಇನ್ನೊಮ್ಮೆ ಬ್ರಷ್ ಬೇಕು. ಕಪ್ಪು ಚುಕ್ಕೆಗಳು ಗುಳಿಯಾಗಿದ್ದರೆ ಅದು ತುಕ್ಕು ತಿಂದ ಜಾಗ. ಎಷ್ಟು ಉಜ್ಜಿದರೂ ಹೋಗದು.

ಕೊನೆಗೆ ಗನ್ ಆಯಿಲ್, ತೆಳುವಾಗಿ. ಹೆಚ್ಚು ಎಣ್ಣೆ ಹಾಕಿದರೆ ಅದು ಇಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ. ಚರ್ಮದ ಚೀಲದಲ್ಲಿ ಕೋವಿ ಇಡಬೇಡಿ. ಚರ್ಮ ತೇವ ಹೀರಿ ನಳಿಗೆಗೆ ದಾಟಿಸುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ವಿಷ.

ಮನೆಯಲ್ಲಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯೇ? ಅದರ ಕರಿಮದ್ದಿನ ಮಸಿ ತೇವ ಎಳೆದು ಬೇಗ ತುಕ್ಕು ತರುತ್ತದೆ. ಅದಕ್ಕೆ ಬಿಸಿನೀರೇ ಮದ್ದು; ತೊಳೆದು ಪೂರ್ತಿ ಒಣಗಿಸಿ ಎಣ್ಣೆ ಸವರಿ.

ಖರ್ಚು ದೊಡ್ಡದಲ್ಲ. ಸರಳು, ಬ್ರಷ್, ಎಣ್ಣೆ ಲೈಸೆನ್ಸ್ ಇರುವ ಕೋವಿ ಅಂಗಡಿಗಳಲ್ಲಿ ಸಿಗುತ್ತವೆ. ಬ್ರಷ್ 12 ಬೋರಿನದೇ ಎಂದು ಕೇಳಿ ತನ್ನಿ.

ಒಂದು ವಿಷಯಕ್ಕೆ ಮಾತ್ರ ಪರಿಣತರೇ ಬೇಕು. ಒರೆಸುವಾಗ ನಳಿಗೆಯ ಮೈಮೇಲೆ ಅಲೆಅಲೆಯಾದ ವಿನ್ಯಾಸ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಇರಬಹುದು. ಈಗಿನ ತೋಟೆಗಳ ಒತ್ತಡಕ್ಕೆ ಅದು ಸಿಡಿಯುವ ಅಪಾಯವಿದೆ. ಲೈಸೆನ್ಸ್ ಪಡೆದ ಗನ್‌ಸ್ಮಿತ್‌ಗೆ ತೋರಿಸುವವರೆಗೆ ಅದಕ್ಕೆ ತೋಟೆ ಹಾಕಬೇಡಿ, ಹಬ್ಬದ ದಿನವೂ.